ಓದುಗರ ಪ್ರಶ್ನೆ: ನೆಲಕ್ಕೆ ತುಳಿದರೂ ಗೇರ್ ಇಳಿಯದ ಹಳೆಯ ವ್ಯಾನ್

ಪ್ರಶ್ನೆ: ನನ್ನ ಬಳಿ 1977ರ ಡಾಡ್ಜ್ ಟ್ರೇಡ್ಸ್‌ಮನ್ ವ್ಯಾನ್ ಇದೆ. 318 ವಿ-8 ಎಂಜಿನ್, ಮೂರು ಗೇರಿನ ಟಾರ್ಕ್‌ಫ್ಲೈಟ್ 727 ಆಟೊಮ್ಯಾಟಿಕ್. ಎರಡು ಬಾಯಿಯ ಹಳೆಯ ಕಾರ್ಬ್ಯುರೇಟರ್ ತೆಗೆದು, ಮ್ಯಾನಿಫೋಲ್ಡ್ ಸಮೇತ ನಾಲ್ಕು ಬಾಯಿಯದನ್ನು ನಾನೇ ಕೂರಿಸಿದೆ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಆದರೆ ಗೇರ್ ವಿಚಿತ್ರವಾಗಿ ಬೀಳುತ್ತಿದೆ. ಪೆಡಲನ್ನು ಅರ್ಧ ಒತ್ತಿ ಹೊರಟರೂ ಗಂಟೆಗೆ 30 ಕಿ.ಮೀ. ಆಗುವಷ್ಟರಲ್ಲಿ ಮೂರನೇ ಗೇರಿಗೆ ಹೋಗಿಬಿಡುತ್ತದೆ. ಏರಿನಲ್ಲಿ ನೆಲಕ್ಕೆ ತುಳಿದರೂ ಕೆಳಗಿನ ಗೇರಿಗೆ ಇಳಿಯುವುದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಒಮ್ಮೊಮ್ಮೆ ಎಂಜಿನ್ ಅರೆಕ್ಷಣ ಸುಮ್ಮನೆ ಕೂಗಿ ಆಮೇಲೆ ಹಿಡಿಯುತ್ತದೆ. ಕಿಕ್‌ಡೌನ್ ಬ್ಯಾಂಡ್ ಬಿಗಿ ಮಾಡು ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಕಿಕ್‌ಡೌನ್ ಬೇಕಾಗುವುದು ಓವರ್‌ಟೇಕ್ ಮಾಡುವಾಗ ಮಾತ್ರ, ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಆ ರಾಡನ್ನೇ ಬಿಚ್ಚಿ ಎಸೆ ಎಂದು ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಮೊದಲನೆಯವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು. ಎರಡನೆಯವರ ಸಲಹೆಯನ್ನು ನಾನೇ ಒಮ್ಮೆ ಪಾಲಿಸಿ ಕೈ ಸುಟ್ಟುಕೊಂಡಿದ್ದೇನೆ. ಆ ಕಥೆಗೆ ಮುಂದೆ ಬರುತ್ತೇನೆ. ಸದ್ಯಕ್ಕೆ ಒಂದೇ ಕೋರಿಕೆ: ಆ ರಾಡಿನ ಜೋಡಣೆ (ಲಿಂಕೇಜ್) ಸರಿಯಾಗುವ ತನಕ ಆ ವ್ಯಾನನ್ನು ರಸ್ತೆಗೆ ಇಳಿಸಬೇಡಿ. ನೀವು ಬರೆದ ಆ ‘ಅರೆಕ್ಷಣದ ಕೂಗು’ ಇದೆಯಲ್ಲ, ಅದು ಕ್ಲಚ್ ಪ್ಲೇಟುಗಳು ಜಾರುವ ಸದ್ದು. ಪ್ರತಿ ಸಲ ಕೂಗಿದಾಗಲೂ ಒಂದಿಷ್ಟು ಪ್ಲೇಟು ಸುಟ್ಟು ಆಯಿಲ್‌ಗೆ ಸೇರುತ್ತಿದೆ.

ಗೊಂದಲಕ್ಕೆಲ್ಲ ಮೂಲ ಆ ಹೆಸರು. ಕಿಕ್‌ಡೌನ್ ಎಂದರೆ ಪೆಡಲನ್ನು ಒದ್ದು ಗೇರ್ ಇಳಿಸುವುದು ಎಂದು ತಾನೇ ಅರ್ಥ? ಹಾಗಾಗಿ ಒದೆಯದವರಿಗೆ ಆ ರಾಡು ಬೇಡ ಎಂದು ಜನ ತಿಳಿದುಕೊಂಡಿದ್ದಾರೆ. ಕೆಲವು ಗೇರ್‌ಬಾಕ್ಸುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಟಾರ್ಕ್‌ಫ್ಲೈಟ್‌ನಲ್ಲಿ ಆ ರಾಡು ಮಾಡುವ ಕೆಲಸದಲ್ಲಿ ಕಿಕ್‌ಡೌನ್ ಎಂಬುದು ಕೊನೆಯ ಒಂದು ಪಾಲು ಮಾತ್ರ. ನಿಮ್ಮ ಕಾಲು ಎಷ್ಟು ಒತ್ತುತ್ತಿದೆ ಎಂಬುದನ್ನು ಗೇರ್‌ಬಾಕ್ಸಿಗೆ ತಿಳಿಸಲು ಇರುವುದು ಆ ರಾಡು ಒಂದೇ. ಇದರಲ್ಲಿ ಎಂಜಿನ್ನಿನ ನಿರ್ವಾತ ಓದುವ ಡಬ್ಬಿ ಇಲ್ಲ, ತಂತಿ ಇಲ್ಲ, ಸ್ವಿಚ್ಚಿಲ್ಲ. ಪೆಡಲ್ ಒತ್ತಿದಂತೆ ರಾಡು ಗೇರ್‌ಬಾಕ್ಸಿನ ಎಡಬದಿಯ ಚಿಕ್ಕ ಲಿವರನ್ನು ಹಿಂದಕ್ಕೆ ತಳ್ಳುತ್ತದೆ. ಆ ಲಿವರ್ ಒಳಗಿರುವ ಥ್ರಾಟಲ್ ವಾಲ್ವಿನ ಸ್ಪ್ರಿಂಗನ್ನು ಅದುಮುತ್ತದೆ, ಆಯಿಲ್ ಒತ್ತಡ ಏರುತ್ತದೆ.

ಈ ಒತ್ತಡಕ್ಕೆ ಎರಡು ಕೆಲಸ. ಮೊದಲನೆಯದು ಗೇರ್ ಯಾವಾಗ ಬದಲಾಗಬೇಕು ಎಂಬ ತೀರ್ಮಾನ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಗವರ್ನರ್ ಇದೆ. ವ್ಯಾನಿನ ವೇಗ ಹೆಚ್ಚಿದಷ್ಟೂ ಅದರ ಒತ್ತಡ ಹೆಚ್ಚುತ್ತದೆ. ಗವರ್ನರ್ ‘ಮೇಲಿನ ಗೇರಿಗೆ ಹೋಗೋಣ’ ಎಂದು ತಳ್ಳುತ್ತದೆ, ಥ್ರಾಟಲ್ ಒತ್ತಡ ‘ಇನ್ನೂ ಬೇಡ, ಒಡೆಯ ಒತ್ತುತ್ತಿದ್ದಾನೆ’ ಎಂದು ತಡೆಯುತ್ತದೆ. ಇಬ್ಬರ ಹಗ್ಗಜಗ್ಗಾಟದಲ್ಲಿ ಯಾರು ಗೆದ್ದರೋ ಅದರಂತೆ ಗೇರು. ಎರಡನೆಯದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಕ್ಲಚ್ ಮತ್ತು ಬ್ಯಾಂಡುಗಳನ್ನು ಅದುಮಿ ಹಿಡಿಯುವ ಮುಖ್ಯ ಒತ್ತಡವೂ ಇದೇ ಲಿವರಿನೊಂದಿಗೆ ಏರಿಳಿಯುತ್ತದೆ. ಮೀಟರ್ ಹಚ್ಚಿ ನೋಡಿದರೆ, ಲಿವರ್ ಪೂರ್ತಿ ಮುಂದಿದ್ದಾಗ ಚದರ ಇಂಚಿಗೆ ಸುಮಾರು 55ರಿಂದ 60 ಪೌಂಡ್ ತೋರಿಸುತ್ತದೆ, ಪೂರ್ತಿ ಹಿಂದಕ್ಕೆ ಒತ್ತಿದರೆ 90 ದಾಟುತ್ತದೆ. ನಿಮ್ಮ ವ್ಯಾನಿನಲ್ಲಿ ಈಗ ಎಂಜಿನ್ ಪೂರ್ತಿ ಬಲ ಹಾಕುತ್ತಿದೆ, ಕ್ಲಚ್ಚು ಮಾತ್ರ ನಿದ್ದೆಗಣ್ಣಿನ ಹಿಡಿತದಲ್ಲಿದೆ. ಜಾರದೆ ಇನ್ನೇನು ಮಾಡೀತು?

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇಂಥದ್ದೇ ಒಂದು ವ್ಯಾನ್ ಬಂತು. ರಾಡಿನ ಕೀಲಿನೊಳಗಿನ ನೈಲಾನ್ ಬಳೆ, ಅಂದರೆ ಬುಶ್, ಪುಡಿಯಾಗಿ, ಓಡುವಾಗ ಕಟಕಟ ಸದ್ದು. ಬುಶ್ ಸಿಗಲಿಲ್ಲ. ನಾನು ಜಾಣತನ ತೋರಿಸಿ ರಾಡನ್ನೇ ಕಳಚಿ, ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟು ಗಾಡಿ ಕೊಟ್ಟೆ. ಮಾಲೀಕರಿಗೆ ಬಹಳ ಸಂತೋಷ. ಗೇರ್ ಬಿದ್ದದ್ದೇ ಗೊತ್ತಾಗುವುದಿಲ್ಲ, ಬೆಣ್ಣೆಯ ಹಾಗಿದೆ ಎಂದು ಹೊಗಳಿ ಹೋದರು. ತಿಂಗಳೊಳಗೆ ಅದೇ ವ್ಯಾನ್ ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಕೊಂಡು ಬಂತು. ತಳದ ತಟ್ಟೆ ಬಿಚ್ಚಿದರೆ ಆಯಿಲ್ ಡಾಂಬರಿನ ಬಣ್ಣ, ಸುಟ್ಟ ವಾಸನೆ. ಮುಂದಿನ ಕ್ಲಚ್ಚಿನ ಪ್ಲೇಟುಗಳ ಮೇಲ್ಪದರ ಉಗುರಿನಿಂದ ಕೆರೆದರೆ ಏಳುತ್ತಿತ್ತು. ನಡುವಿನ ಉಕ್ಕಿನ ಪ್ಲೇಟುಗಳು ನವಿಲು ಕತ್ತಿನ ನೀಲಿಗೆ ತಿರುಗಿದ್ದವು. ನಮ್ಮ ಮೇಸ್ತ್ರಿ ಬೈಯಲಿಲ್ಲ. ಸೀಟಿನ ಕೆಳಗಿದ್ದ ರಾಡನ್ನು ಹುಡುಕಿ ತೆಗೆದು, ನನ್ನ ಕೆಲಸದ ಮೇಜಿನ ಎದುರು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರು. ಆ ಗೇರ್‌ಬಾಕ್ಸ್ ನಾನೇ ಬಿಚ್ಚಿ ನಾನೇ ಕಟ್ಟಿ ಮುಗಿಸುವ ತನಕ ಅದು ಅಲ್ಲೇ ತೂಗುತ್ತಿತ್ತು.

ಆದ್ದರಿಂದ ‘ಬೆಣ್ಣೆಯಂಥ ಗೇರು’ ಎಂದು ಯಾರಾದರೂ ಹೇಳಿದರೆ ನನಗೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಟಾರ್ಕ್‌ಫ್ಲೈಟ್‌ನಲ್ಲಿ ಗೇರ್ ಬಿದ್ದದ್ದು ಬೆನ್ನಿಗೆ ಸ್ವಲ್ಪ ತಿಳಿಯಬೇಕು.

ಇನ್ನು ನಿಮ್ಮ ವ್ಯಾನಿಗೆ ಬರೋಣ. ರಾಡಿನ ಉದ್ದಕ್ಕೆ ಕೈ ಹಾಕುವ ಮೊದಲು ಸ್ಕೇಲ್ ತೆಗೆದುಕೊಳ್ಳಿ. ಹಳೆಯ ಕಾರ್ಬ್ಯುರೇಟರನ್ನು ಎಸೆದಿಲ್ಲ ತಾನೇ? ಅದರ ಥ್ರಾಟಲ್ ಶಾಫ್ಟಿನ, ಅಂದರೆ ಪೆಡಲ್ ಒತ್ತಿದಾಗ ತಿರುಗಿ ಬಾಯೊಳಗಿನ ತಟ್ಟೆಗಳನ್ನು ತೆರೆಯುವ ಸರಳಿನ, ನಡುವಿನಿಂದ, ರಾಡು ಕೂರುತ್ತಿದ್ದ ಪಿನ್ನಿನ ನಡುವಿಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಹೊಸದರಲ್ಲೂ ಅಳೆಯಿರಿ. ಎರಡೂ ಒಂದೇ ಇರಬೇಕು. ಥ್ರಾಟಲ್ ಮುಚ್ಚಿದ್ದಾಗ ಪಿನ್ ನಿಲ್ಲುವ ಕೋನವೂ ಹೆಚ್ಚುಕಡಿಮೆ ಅದೇ ಇರಬೇಕು. ಹೊಸದರಲ್ಲಿ ಪಿನ್ ಶಾಫ್ಟಿಗೆ ಹತ್ತಿರವಿದ್ದರೆ, ನೀವು ಪೆಡಲನ್ನು ನೆಲಕ್ಕೆ ಒತ್ತಿದಾಗಲೂ ರಾಡು ಅರ್ಧ ದಾರಿ ಮಾತ್ರ ಹೋಗುತ್ತದೆ. ನಿಮ್ಮ ಪತ್ರದ ಲಕ್ಷಣಗಳೆಲ್ಲ ಇದನ್ನೇ ಹೇಳುತ್ತಿವೆ. ದೂರವಿದ್ದರೆ ಇದರ ತಿರುಗುಮುರುಗು: ಲಿವರ್ ಮೊದಲೇ ಕೊನೆ ಮುಟ್ಟಿ, ಕಾರ್ಬ್ಯುರೇಟರ್ ಪೂರ್ತಿ ತೆರೆಯದೆ ರಾಡು ಬಾಗುತ್ತದೆ. ಈ ದೋಷವನ್ನು ಉದ್ದ ಹೊಂದಿಸಿ ಸರಿಪಡಿಸಲು ಬರುವುದಿಲ್ಲ. ಒಂದು ತುದಿ ಸರಿ ಮಾಡಿದರೆ ಇನ್ನೊಂದು ತುದಿ ಕೆಡುತ್ತದೆ, ದಿನವಿಡೀ ತಿರುಚುತ್ತಾ ಕೂರಬೇಕಾಗುತ್ತದೆ. ನಾಲ್ಕು ಬಾಯಿಯ ಕಾರ್ಬ್ಯುರೇಟರ್‌ಗಳ ಥ್ರಾಟಲ್ ಲಿವರಿಗೆ ಸೇರಿಸಲೆಂದೇ ಕ್ರೈಸ್ಲರ್ ಲಿಂಕೇಜಿನ ಅಡಾಪ್ಟರ್ ತುಂಡುಗಳು ಸಿಗುತ್ತವೆ, ಎರಡು ಬೋಲ್ಟಿನ ಕೆಲಸ. ನಿಮ್ಮ ಕಾರ್ಬ್ಯುರೇಟರ್ ಮಾದರಿಗೆ ಹೊಂದುವುದನ್ನೇ ತನ್ನಿ.

ಅದು ಕೂತ ಮೇಲೆ ಕೀಲುಗಳನ್ನು ನೋಡಿ. ಒಂದೊಂದು ಬುಶ್ಶಿನಲ್ಲಿ ಒಂದೊಂದು ಮಿಲಿಮೀಟರ್ ಸಡಿಲ ಎಂದರೆ ಏನೂ ಅಲ್ಲ ಅನಿಸುತ್ತದೆ. ಮೂರು ಕೀಲು ಸೇರಿದರೆ ಮೂರು ಮಿಲಿಮೀಟರ್, ಮತ್ತು ಪೆಡಲನ್ನು ಮೆಲ್ಲಗೆ ಒತ್ತುವಾಗಿನ ಸೂಕ್ಷ್ಮವೆಲ್ಲ ಆ ಮೂರರಲ್ಲೇ ಕಳೆದುಹೋಗುತ್ತದೆ. ರಾಡನ್ನು ಮುಂದಕ್ಕೆ ಎಳೆದುಕೊಳ್ಳುವ ಸ್ಪ್ರಿಂಗ್ ಇದೆಯೇ ನೋಡಿ. ಕಾರ್ಬ್ಯುರೇಟರ್ ಬದಲಿಸುವಾಗ ನೆಲಕ್ಕೆ ಬಿದ್ದು ಕಾಣೆಯಾಗುವ ಮೊದಲ ಸಾಮಾನು ಅದೇ. ಎಂಜಿನ್ ಮೌಂಟಿನ ರಬ್ಬರ್ ಹರಿದಿದ್ದರೆ, ಜೋರಾಗಿ ಒತ್ತಿದಾಗ ಎಂಜಿನ್ನೇ ಒಂದು ಪಕ್ಕ ಏಳುತ್ತದೆ, ಆಗ ರಾಡಿನ ಲೆಕ್ಕವೂ ತಪ್ಪುತ್ತದೆ.

ಹೊಂದಿಸುವಾಗ ಎಂಜಿನ್ ಬಿಸಿಯಾಗಿರಬೇಕು, ಚೋಕ್ ಪೂರ್ತಿ ತೆರೆದಿರಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಥ್ರಾಟಲ್ ಫಾಸ್ಟ್ ಐಡಲ್ ಮೆಟ್ಟಿಲ ಮೇಲೆ, ಅಂದರೆ ತುಸು ತೆರೆದೇ, ಕುಳಿತಿರುತ್ತದೆ. ಆಗ ಹೊಂದಿಸಿದ್ದು ಬಿಸಿಯಾದ ಮೇಲೆ ಸುಳ್ಳಾಗುತ್ತದೆ. ಬಿಸಿ ಮಾಡಿ, ಆಮೇಲೆ ಎಂಜಿನ್ ಆರಿಸಿ. ಚಕ್ರಕ್ಕೆ ಅಡ್ಡ ಇಡಿ, ಜ್ಯಾಕನ್ನು ನಂಬದೆ ಸ್ಟ್ಯಾಂಡ್ ಕೊಡಿ. ಸೈಲೆನ್ಸರ್ ಪೈಪು ಕೈಗೆ ತಾಗುವಷ್ಟು ಹತ್ತಿರ ಇರುತ್ತದೆ, ತೋಳು ಮುಚ್ಚಿಕೊಳ್ಳಿ. ಈ ವ್ಯಾನಿನ ಒಂದು ಸುಖವೆಂದರೆ ಎಂಜಿನ್ನಿನ ಮುಚ್ಚಳ ಎರಡು ಮುಂದಿನ ಸೀಟುಗಳ ನಡುವೆ ಇದೆ. ಅದನ್ನು ಎತ್ತಿಟ್ಟರೆ ಕಾರ್ಬ್ಯುರೇಟರ್ ಕಡೆಯ ಕೆಲಸ ಕುಳಿತೇ ಮಾಡಬಹುದು. ಬಾನೆಟ್ಟಿನೊಳಗೆ ತಲೆಕೆಳಗಾಗಿ ಜೋತುಬಿದ್ದವರಿಗೆ ಇದರ ಬೆಲೆ ಗೊತ್ತು.

ಮೊದಲು ಪೆಡಲ್. ಒಬ್ಬರನ್ನು ಕೂರಿಸಿ ಪೂರ್ತಿ ತುಳಿಯಲು ಹೇಳಿ, ನೀವು ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಬಾಯೊಳಗೆ ನೋಡಿ. ಮುಂದಿನ ಎರಡು ತಟ್ಟೆಗಳು ನೆಟ್ಟಗೆ ನಿಲ್ಲಬೇಕು. ನಿಲ್ಲದಿದ್ದರೆ ಕೇಬಲ್ ಸರಿಪಡಿಸಿ, ಅದಕ್ಕೂ ಮೊದಲು ಪೆಡಲಿನ ಕೆಳಗಿನ ದಪ್ಪ ಮ್ಯಾಟ್ ತೆಗೆಯಿರಿ. ಕಿಕ್‌ಡೌನ್ ಕೆಟ್ಟಿದೆ ಎಂದು ಬಂದ ಗಾಡಿಗಳಲ್ಲಿ ಮ್ಯಾಟ್ ಎತ್ತಿ ಕಳಿಸಿದ್ದೂ ಉಂಟು. ಒಂದು ಎಚ್ಚರಿಕೆ: ಒಂದೊಂದು ಸಲ ತುಳಿದಾಗಲೂ ಒಳಗೆ ಪೆಟ್ರೋಲ್ ಚಿಮ್ಮುತ್ತದೆ. ಹತ್ತಾರು ಸಲ ತುಳಿಸಿ ಎಂಜಿನ್ನಿಗೆ ಪೆಟ್ರೋಲ್ ಕುಡಿಸಬೇಡಿ.

ಈಗ ರಾಡು. ಥ್ರಾಟಲ್ ಪೂರ್ತಿ ಮುಚ್ಚಿರಲಿ. ಹೊಂದಿಸುವ ಸ್ಕ್ರೂ ಅಥವಾ ನಟ್ಟನ್ನು ಸಡಿಲಿಸಿ. ಗೇರ್‌ಬಾಕ್ಸಿನ ಲಿವರನ್ನು ಕೈಯಿಂದ ಮುಂದಕ್ಕೆ, ಇನ್ನು ಹೋಗದು ಎನ್ನುವ ತನಕ ತಳ್ಳಿ ಅಲ್ಲೇ ಹಿಡಿಯಿರಿ. ಅಲ್ಲಿ ಎರಡು ಲಿವರ್ ಇರುತ್ತವೆ, ಒಂದು ಗೇರ್ ಆಯ್ಕೆಯದು, ಇನ್ನೊಂದು ಇದು. ತಪ್ಪಿದ್ದನ್ನು ತಳ್ಳಿದರೆ ‘ಕಟ್’ ಎಂದು ಗೇರ್ ಬದಲಾಗುತ್ತದೆ. ನಿಮಗೆ ಬೇಕಾದದ್ದು ಸದ್ದಿಲ್ಲದೆ, ಸ್ಪ್ರಿಂಗಿನ ಮೃದು ಪ್ರತಿರೋಧದೊಂದಿಗೆ ಚಲಿಸುವುದು. ಕಾರ್ಬ್ಯುರೇಟರ್ ತುದಿಯಲ್ಲಿ ರಾಡಿಗೆ ಉದ್ದನೆಯ ಸೀಳು ಇದ್ದರೆ, ಆ ಸೀಳಿನ ಹಿಂಬದಿಯ ಅಂಚು ಪಿನ್ನಿಗೆ ಮುಟ್ಟಿಯೂ ಮುಟ್ಟದಂತೆ ತಾಗಬೇಕು. ತಾಗಬೇಕೇ ಹೊರತು ಥ್ರಾಟಲನ್ನು ತಳ್ಳಬಾರದು. ಒಂದು ಕಾಗದದ ಚೂರು ನಡುವೆ ಇಟ್ಟು ಎಳೆದರೆ ಹರಿಯದೆ, ತುಸು ಉಜ್ಜಿಕೊಂಡು ಬರುವಷ್ಟು. ಅಲ್ಲಿಗೆ ಬಿಗಿ ಮಾಡಿ.

ಮುಗಿಯಿತು ಎಂದುಕೊಳ್ಳಬೇಡಿ, ಇನ್ನೊಂದು ತುದಿ ಬಾಕಿ ಇದೆ. ಮತ್ತೆ ಪೆಡಲನ್ನು ಪೂರ್ತಿ ತುಳಿಸಿ, ಈ ಸಲ ನೀವು ಕೆಳಗಿರಿ. ಲಿವರನ್ನು ಬೆರಳಿನಿಂದ ಇನ್ನಷ್ಟು ಹಿಂದಕ್ಕೆ ಒತ್ತಿ ನೋಡಿ. ಕೂದಲೆಳೆಯಷ್ಟು ಉಳಿದಿದ್ದರೆ ಒಳ್ಳೆಯದು. ಬೆರಳು ದಪ್ಪ ಉಳಿದಿದ್ದರೆ ಪಿನ್ನಿನ ಅಳತೆ ಇನ್ನೂ ತಪ್ಪಿದೆ, ಮೇಲೆ ಹೇಳಿದ ಸ್ಕೇಲಿಗೆ ಹಿಂತಿರುಗಿ. ಕೊನೆಗೆ ರಾಡನ್ನು ಕೈಯಿಂದ ಹಿಂದಕ್ಕೆ ಎಳೆದು ನಿಧಾನ ಬಿಡಿ. ತಾನಾಗಿ ಮುಂದೆ ಬಂದು ನಿಲ್ಲಬೇಕು. ನಡುವೆ ಎಲ್ಲಾದರೂ ತಡೆದರೆ ಸಿಕ್ಕಿಕೊಳ್ಳುವ ಜಾಗ ಹುಡುಕಿ. ಸಿಕ್ಕಿಕೊಳ್ಳುವ ರಾಡು ಥ್ರಾಟಲನ್ನೂ ತೆರೆದೇ ಹಿಡಿದೀತು, ಅದು ಗೇರ್‌ಬಾಕ್ಸಿನ ವಿಷಯವಲ್ಲ, ಜೀವದ ವಿಷಯ.

ಬಣ್ಣದಿಂದ ಒಂದು ಗುರುತು ಹಾಕಿಕೊಂಡು ಓಡಿಸಿ ನೋಡಿ. ಪೆಡಲನ್ನು ಮುಟ್ಟಿದಂತೆ ಒತ್ತಿದಾಗ ಎರಡನೆಯದು ಸುಮಾರು 15ರಿಂದ 25 ಕಿ.ಮೀ. ಒಳಗೆ, ಮೂರನೆಯದು 25ರಿಂದ 40ರ ಒಳಗೆ ಬೀಳುವುದು ಸಹಜ. ಹಿಂದಿನ ಆಕ್ಸಲ್ ಅನುಪಾತ, ಟೈರು ನೋಡಿಕೊಂಡು ಇದು ಆಚೀಚೆ ಆಗುತ್ತದೆ. ಅಂಕಿಗಿಂತ ಮುಖ್ಯ ಇದು: ಅರ್ಧ ಪೆಡಲಿನಲ್ಲಿ ಅದೇ ಗೇರು ಸ್ಪಷ್ಟವಾಗಿ ತಡವಾಗಿ ಬೀಳಬೇಕು. ಕಾಲು ಬದಲಾದರೂ ಗೇರಿನ ವೇಗ ಬದಲಾಗದಿದ್ದರೆ ರಾಡಿನ ಮಾತು ಒಳಗೆ ಮುಟ್ಟುತ್ತಿಲ್ಲ. ತಿದ್ದುವುದಿದ್ದರೆ ಒಂದು ಸಲಕ್ಕೆ ಒಂದೆರಡು ಮಿಲಿಮೀಟರ್ ಸಾಕು. ಮತ್ತು ನಿರ್ಧಾರ ಮಾಡಲಾಗದಿದ್ದರೆ ಗೇರ್ ತುಸು ತಡವಾಗಿ, ತುಸು ಗಟ್ಟಿಯಾಗಿ ಬೀಳುವ ಕಡೆಗೇ ಬಿಡಿ. ಪಕ್ಕದಲ್ಲಿ ಕುಳಿತವರು ಗೊಣಗಿದರೆ ಗೊಣಗಲಿ.

ಬ್ಯಾಂಡಿನ ಮಾತು ಹಾಗೇ ಉಳಿಯಿತು. ಕಿಕ್‌ಡೌನ್ ಬ್ಯಾಂಡ್ ಎಂದರೆ ಎರಡನೇ ಗೇರಿನಲ್ಲಿ ಡ್ರಮ್ಮನ್ನು ಬಿಗಿಹಿಡಿಯುವ ಪಟ್ಟಿ. ಹೆಸರು ಒಂದೇ ಆದರೂ ರಾಡಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಅದರ ಸ್ಕ್ರೂ ಹೊರಗಡೆ, ಎಡಬದಿಯಲ್ಲೇ ಇರುವುದರಿಂದ ಕೈ ತುರಿಸುವವರಿಗೆ ಬೇಗ ಸಿಗುತ್ತದೆ. ಕ್ರಮವೇನೆಂದರೆ 72 ಇಂಚ್-ಪೌಂಡಿಗೆ, ಅಂದರೆ ಸುಮಾರು 8 ನ್ಯೂಟನ್-ಮೀಟರಿಗೆ ಬಿಗಿದು, 727ರಲ್ಲಿ ಸಾಮಾನ್ಯವಾಗಿ ಎರಡೂವರೆ ಸುತ್ತು ಹಿಂದೆ ಬಿಡುವುದು. ಕೆಲವು ಎಂಜಿನ್ನುಗಳಿಗೆ ಸುತ್ತಿನ ಲೆಕ್ಕ ಬೇರೆ, ನಿಮ್ಮ ವ್ಯಾನಿನ ಕೈಪಿಡಿ ನೋಡಿ. 72 ಎಂಬುದನ್ನು ಫುಟ್-ಪೌಂಡ್ ಎಂದು ಓದಿ ಒಳಗಿನ ತುಂಡು ಮುರಿದವರನ್ನು ನಾನು ಕಂಡಿದ್ದೇನೆ. ರಾಡು ಸರಿಯಾದ ಮೇಲೆ ಬೇಕಿದ್ದರೆ ಇದನ್ನು ಮಾಡಿ, ಮೊದಲಲ್ಲ.

ಆಯಿಲ್ ನೋಡುವಾಗ ಎಂಜಿನ್ ಓಡುತ್ತಿರಲಿ, ಹ್ಯಾಂಡ್ ಬ್ರೇಕ್ ಎಳೆದು ಲಿವರ್ ನ್ಯೂಟ್ರಲ್‌ನಲ್ಲಿರಲಿ, ಪಾರ್ಕ್‌ನಲ್ಲಲ್ಲ. ಡಿಪ್‌ಸ್ಟಿಕ್ಕನ್ನು ಬಿಳಿ ಕಾಗದಕ್ಕೆ ಒರೆಸಿ. ಕೆಂಪಾಗಿದ್ದರೆ ನೀವು ಅದೃಷ್ಟವಂತರು. ಕಂದು ಬಣ್ಣ, ಸುಟ್ಟ ವಾಸನೆ, ಕಪ್ಪು ಚುಕ್ಕಿ ಇದ್ದು, ರಾಡು ಸರಿಯಾದ ಮೇಲೂ ಎರಡು-ಮೂರರ ನಡುವೆ ಕೂಗು ಮುಂದುವರಿದರೆ, ಮುಂದಿನ ಕ್ಲಚ್ ಈಗಾಗಲೇ ಹೋಗಿದೆ. ಅದಕ್ಕೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ, ಗೇರ್‌ಬಾಕ್ಸ್ ಇಳಿಸಲೇಬೇಕು.

ಪ್ರಶ್ನೆ: ರಾಡು, ಕೀಲುಗಳ ಗೋಜೇ ಬೇಡವೆಂದು ಕಿಕ್‌ಡೌನ್‌ಗೆ ಕೇಬಲ್ ಕಿಟ್ ಹಾಕಿಸಬಹುದೇ? ನನ್ನದೂ ಟಾರ್ಕ್‌ಫ್ಲೈಟ್ ವ್ಯಾನೇ.

ಉತ್ತರ: ಹಾಕಿಸಬಹುದು. ಕೇಬಲ್ಲಿಗೆ ಬುಶ್ಶಿನ ಕಾಟವಿಲ್ಲ. ಆದರೆ ಪಿನ್ನಿನ ದೂರದ ಲೆಕ್ಕ ಕೇಬಲ್ಲಿಗೂ ತಪ್ಪಿದ್ದಲ್ಲ, ಎರಡು ತುದಿಯ ಪರೀಕ್ಷೆಯೂ ಅದೇ. ಬಳೆಯ ಹಾಗೆ ಸುತ್ತಿಸದೆ ದೊಡ್ಡ ಬಳುಕಿನಲ್ಲಿ ಒಯ್ಯಿರಿ, ಸೈಲೆನ್ಸರ್ ಪೈಪಿನಿಂದ ದೂರವಿಡಿ. ಮೂಲ ರಾಡುಗಳನ್ನು ಮಾತ್ರ ಗುಜರಿಗೆ ಹಾಕಬೇಡಿ.

ಪ್ರಶ್ನೆ: ನನ್ನದು ಸಿ6 ಆಟೊಮ್ಯಾಟಿಕ್ ಇರುವ ಹಳೆಯ ಫೋರ್ಡ್ ಎಕನೊಲೈನ್. ಗೇರು ಬಹಳ ತಡವಾಗಿ, ಹಿಂದಿನಿಂದ ಗುದ್ದಿದಂತೆ ಬೀಳುತ್ತದೆ. ಕಿಕ್‌ಡೌನ್ ರಾಡನ್ನು ಮೂರು ಸಲ ಹೊಂದಿಸಿದೆ, ಏನೂ ವ್ಯತ್ಯಾಸವಿಲ್ಲ. ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಇತ್ತೀಚೆಗೆ ಬಿಳಿ ಹೊಗೆ ಶುರುವಾಗಿದೆ.

ಉತ್ತರ: ಮೂರು ಸಲ ಅಲ್ಲ, ಮೂವತ್ತು ಸಲ ಹೊಂದಿಸಿದರೂ ವ್ಯತ್ಯಾಸವಾಗದು. ಮೇಲೆ ಹೇಳಿದ್ದೆಲ್ಲ ಕ್ರೈಸ್ಲರ್ ಕುಲದ ಮಾತು, ಫೋರ್ಡಿನದು ಬೇರೆ ಸಂಪ್ರದಾಯ. ಇಲ್ಲಿ ರಾಡಿಗೆ ನಿಜಕ್ಕೂ ಕಿಕ್‌ಡೌನ್ ಕೆಲಸ ಮಾತ್ರ. ಗೇರ್ ಬೀಳುವ ಹೊತ್ತು ಮತ್ತು ಒತ್ತಡವನ್ನು ನೋಡಿಕೊಳ್ಳುವುದು ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಡಬ್ಬಿ. ಗೇರ್‌ಬಾಕ್ಸಿನ ಹೊರಮೈಗೆ ಕೂರಿಸಿದ ಆ ಡಬ್ಬಿಗೆ ಎಂಜಿನ್ನಿನಿಂದ ಒಂದು ತೆಳು ಪೈಪು ಬರುತ್ತದೆ. ಒಳಗಿನ ಪೊರೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲನ್ನು ಅದೇ ಪೈಪಿನಿಂದ ಹೀರಿ ಸುಡುತ್ತದೆ. ನಿಮ್ಮ ಬಿಳಿ ಹೊಗೆ ಅದೇ. ಅತ್ತ ನಿರ್ವಾತದ ಸುದ್ದಿ ತಲುಪದ ಗೇರ್‌ಬಾಕ್ಸು ನೀವು ಸದಾ ನೆಲಕ್ಕೆ ತುಳಿದಿದ್ದೀರಿ ಎಂದುಕೊಂಡು ಪೂರ್ತಿ ಒತ್ತಡದಲ್ಲಿ ಗುದ್ದುತ್ತದೆ.

ಎಂಜಿನ್ ಆರಿಸಿ, ಡಬ್ಬಿಯ ಮೇಲಿನ ರಬ್ಬರ್ ಪೈಪು ಕಳಚಿ ಒಳಗೆ ಒಂದು ಕಡ್ಡಿಗೆ ಬಟ್ಟೆ ಸುತ್ತಿ ತೂರಿಸಿ. ಕೆಂಪು ಆಯಿಲ್ ಅಂಟಿತೋ, ಡಬ್ಬಿ ಬದಲಿಸಿ. ಮೂರು ಸಲ ತಿರುಗಿಸಿ ಕೆಡಿಸಿರುವ ರಾಡನ್ನು ಆಮೇಲೆ ಸರಿಪಡಿಸಿ. ಕ್ರೈಸ್ಲರಿನ ಹಾಗೆ ಮುಚ್ಚಿದ ಥ್ರಾಟಲಿನಲ್ಲಲ್ಲ, ಪೂರ್ತಿ ತೆರೆದು ಹಿಡಿದು. ಕಿಕ್‌ಡೌನ್ ರಾಡನ್ನು ಅದರ ಕೊನೆಯ ತನಕ ಒತ್ತಿ ಹಿಡಿದಾಗ, ಹೊಂದಿಸುವ ಸ್ಕ್ರೂವಿಗೂ ಥ್ರಾಟಲ್ ಲಿವರಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಸಂದು ಉಳಿಯಬೇಕು. ಮತ್ತೆ, ಆ ಹಳೆಯ ರಬ್ಬರ್ ಪೈಪನ್ನು ಹೊಸ ಡಬ್ಬಿಗೆ ಹಾಕಬೇಡಿ. ಆಯಿಲ್ ಕುಡಿದು ಮೆತ್ತಗಾದ ಪೈಪು ಎಂಜಿನ್ನಿನ ಎಳೆತಕ್ಕೆ ಒಳಗೊಳಗೇ ಕುಸಿದು ಮುಚ್ಚಿಕೊಳ್ಳುತ್ತದೆ, ನೀವು ಮತ್ತೆ ನನಗೆ ಇದೇ ಪತ್ರ ಬರೆಯಬೇಕಾಗುತ್ತದೆ.